ಆಪರೇಟರ್ ಇಲ್ಲದ ಯಂತ್ರ

ಯಂತ್ರ ಅಲ್ಯೂಮಿನಿಯಂನಲ್ಲಿ ಕೊರೆದುಕೊಟ್ಟ ವೃತ್ತದ ಅಂಚಿನ ಮೇಲೆ ವಿಶ್ವೇಶ್ವರ ಹೆಬ್ಬೆರಳಿನ ಉಗುರು ಆಡಿಸಿದ. ಒಂದು ಸುತ್ತಿನಲ್ಲಿ ಉಗುರು ನಾಲ್ಕು ಕಡೆ ತಡೆಯಿತು. ಇನ್ನೊಮ್ಮೆ ಆಡಿಸಿದ. ಮತ್ತೆ ನಾಲ್ಕು ಕಡೆ, ಅದೇ ಜಾಗಗಳಲ್ಲಿ, ಗಡಿಯಾರದ ಹನ್ನೆರಡು, ಮೂರು, ಆರು, ಒಂಬತ್ತು ಇರುವಲ್ಲಿ ಒಂದೊಂದು ಸಣ್ಣ ಮೆಟ್ಟಿಲು. ಕಣ್ಣಿಗೆ ಕಾಣದಷ್ಟು ಸಣ್ಣದು ಎಂದುಕೊಳ್ಳಬಹುದಿತ್ತು, ಆದರೆ ಕಾಣುತ್ತಿತ್ತು. ಶನಿವಾರದ ಏಳು ಗಂಟೆಯ ಬಿಸಿಲು ಕಳಕ್ಕೂಟಂನ ಆ ನಾಲ್ಕನೇ ಮಹಡಿಯ ಫ್ಲಾಟಿನ ಹಿಂಬದಿಗೆ ನೇರವಾಗಿ ಬೀಳುತ್ತದೆ. ಅಡುಗೆಮನೆಗೆ ಅಂಟಿಕೊಂಡಂತೆ, ಮೀನು ತೊಳೆಯಲು, ತೆಂಗಿನಕಾಯಿ ತುರಿಯಲು ಬಿಟ್ಟ ಆ ಜಾಗಕ್ಕೆ ಈ ಊರಿನಲ್ಲಿ ವರ್ಕ್ ಏರಿಯಾ ಎಂದು ಹೆಸರು. ಇಪ್ಪತ್ತಾರು ವರ್ಷ ಬಾಹ್ಯಾಕಾಶ ಸಂಸ್ಥೆಯಲ್ಲಿ ದುಡಿದವರು ಈಗ ಮೊದಲ ಸಲ ವರ್ಕ್ ಏರಿಯಾದಲ್ಲಿ ನಿಂತಿದ್ದಾರೆ ಎಂದು ಹೆಂಡತಿ ಪ್ರೇಮ ಮೈಸೂರಿನ ತಂಗಿಗೆ ಫೋನಿನಲ್ಲಿ ಹೇಳಿದ್ದು ಅವನಿಗೆ ಕೇಳಿಸಿತ್ತು. ಕೇಳಿಸದವನಂತೆ ಇದ್ದುಬಿಟ್ಟಿದ್ದ. ಯಂತ್ರ ದೊಡ್ಡದೇನಲ್ಲ. ಮೇಲೆ ತಿರುಗುವ ಕಟರ್, ಕೆಳಗೆ ಲೋಹವನ್ನು ಬಿಗಿದಿಡುವ ಟೇಬಲ್. ಆ ಟೇಬಲನ್ನು ಎಡಬಲ, ಹಿಂದೆಮುಂದೆ ಸರಿಸಲು ಕೈಚಕ್ರಗಳು. ಮೂರು ತಿಂಗಳ ರಜಾದಿನಗಳನ್ನೆಲ್ಲ ಸುರಿದು ಅವನು ಆ ಚಕ್ರಗಳನ್ನು ಕಿತ್ತಿದ್ದ, ಅವುಗಳ ಜಾಗದಲ್ಲಿ ಮೋಟಾರು ಕೂರಿಸಿದ್ದ, ವೈರೆಳೆದು ಎಲ್ಲವನ್ನೂ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿದ್ದ. ಇನ್ನು ಕೈ ಸೋಕಬೇಕಿಲ್ಲ. ಪರದೆಯ ಮೇಲೆ ಬರೆದದ್ದನ್ನು ಯಂತ್ರ ತಾನಾಗಿ ಕೊರೆಯುತ್ತದೆ. ಕಿತ್ತ ಕೈಚಕ್ರಗಳಲ್ಲಿ ಒಂದನ್ನು ಪ್ರೇಮ ದೋಸೆಹಿಟ್ಟು ಉಕ್ಕಿ ಮುಚ್ಚಳ ಏಳದಂತೆ ಭಾರಕ್ಕೆ ಇಡುತ್ತಿದ್ದಳು.

"ತಿಂಡಿಗೆ ಬರ್ತೀರಾ, ಅದಕ್ಕೂ ಒಂದು ಮೀಟಿಂಗ್ ಕರೀಬೇಕಾ?" ಎಂದಳು ಪ್ರೇಮ. ಬ್ಯಾಂಕಿನವಳು, ಎರಡನೇ ಶನಿವಾರ ರಜೆ.

ಅವನು ಅಲ್ಯೂಮಿನಿಯಂ ತುಂಡನ್ನು ಹಿಡಿದೇ ಊಟದ ಮೇಜಿಗೆ ಬಂದ. ಮಗಳು ಮಹತಿ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. "ಅಪ್ಪ, ಇದು ಸರ್ಕಲ್ ಅಲ್ಲಲ್ಲೋ," ಎಂದಳು. "ಪಟ್ಟಿ ಕಡಿಚ್ಚ ಸ್ಟ್ರೈಕರ್ ಪೋಲೆ." ನಾಯಿ ಕಚ್ಚಿದ ಕೇರಂ ಸ್ಟ್ರೈಕರಿನ ಹಾಗಿದೆ ಎಂದು. ಮಗಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಬಯ್ಯುವಾಗ ಮಾತ್ರ ಮಲಯಾಳಂ ಎಂದು ಅವನು ಊರಿನ ನೆಂಟರಿಗೆ ಹೇಳುತ್ತಿದ್ದ. ಬಯ್ಯದಿರುವಾಗಲೂ ಅವಳು ಮಲಯಾಳವನ್ನೇ ಮಾತಾಡುತ್ತಿದ್ದಳು.

"ಅದು ಅಲೌಡ್ ಲಿಮಿಟ್ ಒಳಗಿದೆ," ಎಂದ.

"ಯಾರು ಅಲೌ ಮಾಡಿದ್ದು?" ಎಂದಳು ಪ್ರೇಮ, ಚಟ್ನಿ ಬಡಿಸುತ್ತ.

ಅವನೇ. ಇಷ್ಟು ವರ್ಷ ಅವನ ಕೆಲಸ ಅದೇ ಆಗಿತ್ತು: ಇನ್ನೊಬ್ಬರು ಮಾಡಿದ ವಸ್ತು ಒಪ್ಪಿಗೆಯೋ ಅಲ್ಲವೋ ಎಂದು ಬರೆಯುವುದು. ಒಂದು ಸ್ಕ್ರೂವನ್ನೂ ಬಿಗಿಯದೆ ಅವನು ಸಾವಿರಾರು ಸ್ಕ್ರೂಗಳನ್ನು ತಿರಸ್ಕರಿಸಿದ್ದ. ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ಒಂದು ದಿನ, ವಾಶ್‌ಬೇಸಿನ್ ನಲ್ಲಿಯ ವಾಷರ್ ಬದಲಾಯಿಸಲು ಬಂದ ಪ್ಲಂಬರ್ "ಸಾರ್ ಇಂಜಿನಿಯರ್ ಆಣೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸ್ಪ್ಯಾನರನ್ನು ಪ್ರೇಮಳ ಕೈಗೆ ಕೊಟ್ಟು ಹಿಡಿದುಕೊಳ್ಳಲು ಹೇಳಿದ್ದ. ಆ ವಾರವೇ ವಿಶ್ವೇಶ್ವರ ಯಂತ್ರಕ್ಕೆ ಆರ್ಡರ್ ಕೊಟ್ಟ. ಮೊದಲು ಮಾಡಬೇಕೆಂದುಕೊಂಡದ್ದು ಬಾಗಿಲಿಗೆ ಹಿತ್ತಾಳೆಯ ನಾಮಫಲಕ, ಕನ್ನಡದಲ್ಲಿ. ಮಹಡಿಯ ಉಳಿದ ಐದು ಬಾಗಿಲುಗಳಲ್ಲಿ ಇಂಗ್ಲಿಷ್ ಇತ್ತು, ಮಲಯಾಳಂ ಇತ್ತು. ಮುಂದಿನ ಭಾನುವಾರ ಕೃಷ್ಣಾನಂದ ಹೆಂಡತಿಯೊಡನೆ ಊಟಕ್ಕೆ ಬರುವವನಿದ್ದ, ಸಂಸ್ಥೆಯ ಲೆಕ್ಕಪತ್ರ ವಿಭಾಗದವನು, ಧಾರವಾಡದವನು. ಅವನಿಗೆ ಫಲಕದ ಸುದ್ದಿ ಆಗಲೇ ತಲುಪಿತ್ತು. ಆದರೆ ತನ್ನ ಹೆಸರಿನಲ್ಲಿ ಒಂದೇ ಒಂದು ನೇರ ಗೆರೆ ಇಲ್ಲವೆಂದು ವಿಶ್ವೇಶ್ವರನಿಗೆ ಹೊಳೆದದ್ದು ಈಗ, ದೋಸೆ ಮುರಿಯುವಾಗ. ಐವತ್ತಾರು ವರ್ಷ ಇಟ್ಟುಕೊಂಡ ಹೆಸರು, ಬರೀ ಸುತ್ತುಗಳು. ಒಂದು ವೃತ್ತಕ್ಕೆ ನಾಲ್ಕು ಮೆಟ್ಟಿಲಾದರೆ ಇಡೀ ಹೆಸರಿಗೆ ಎಷ್ಟು? ನಾಯಿ ಕಚ್ಚಿದ ಹೆಸರು.

ತಿಂಡಿ ಮುಗಿಸಿ, ಅಭ್ಯಾಸಬಲದಿಂದ, ಆಫೀಸಿನ ನಮೂನೆಯಲ್ಲೇ ದೋಷ ವರದಿಯೊಂದನ್ನು ಲ್ಯಾಪ್‌ಟಾಪಿನಲ್ಲಿ ತೆರೆದ. ವಸ್ತು: ವೃತ್ತ. ದೋಷ: ನಾಲ್ಕು ಮೆಟ್ಟಿಲು. ಮೂರನೆಯದು ಆಪರೇಟರ್ ಹೆಸರು. ಕೀಲಿಗಳ ಮೇಲಿದ್ದ ಬೆರಳು ಅಲ್ಲೇ ನಿಂತಿತು. ಯಂತ್ರ ತಾನಾಗಿಯೇ ಓಡಿದೆ. ಕೈಚಕ್ರ ದೋಸೆಹಿಟ್ಟಿನ ಮೇಲಿದೆ. ಯಾರ ಹೆಸರು? ಆಗ ಅವನಿಗೆ ಕಮಿಟಿ ಕೋಣೆಯ ಎ.ಸಿ.ಯ ತಂಪು, ಗೋಡಂಬಿ ಬಿಸ್ಕತ್ತಿನ ಪ್ಲೇಟು, ಐದು ಕುರ್ಚಿ, ಮತ್ತು ಆರನೆಯ ಕುರ್ಚಿ ಇಲ್ಲದ್ದರಿಂದ ಬಾಗಿಲ ಬಳಿ ನಿಂತೇ ಇದ್ದ ವಿನ್ಸೆಂಟ್ ನೆನಪಾದರು. ನೆನಪಾದರು ಎನ್ನುವುದು ಸುಳ್ಳು. ಹನ್ನೊಂದು ವರ್ಷಗಳಿಂದ ಆ ಬಾಗಿಲ ಬಳಿ ಅವರು ನಿಂತೇ ಇದ್ದರು, ಇವನು ಆ ಕಡೆ ನೋಡುತ್ತಿರಲಿಲ್ಲ, ಅಷ್ಟೆ. ವಿನ್ಸೆಂಟ್ ಸಂಸ್ಥೆಯ ವರ್ಕ್‌ಶಾಪಿನ ಮಿಲ್ಲಿಂಗ್ ಯಂತ್ರದವರು. ಟೇಬಲ್ ಸರಿಸುವ ಸ್ಕ್ರೂ ಸಡಿಲವಾಗಿದೆ, ಅದರಲ್ಲಿ ಪ್ಲೇ ಬಂದಿದೆ, ಚಕ್ರ ತಿರುಗಿಸಿದರೂ ಟೇಬಲ್ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತದೆ, ಬದಲಾಯಿಸಿ ಎಂದು ಅವರು ಕೊಟ್ಟ ಅರ್ಜಿ ವಿಶ್ವೇಶ್ವರನ ಟ್ರೇಯಲ್ಲಿ ನಾಲ್ಕು ತಿಂಗಳು ಮಲಗಿತ್ತು. ಹಳೆಯ ನಮೂನೆಯಲ್ಲಿ ಬರೆದಿದ್ದಾರೆ, ಹೊಸದರಲ್ಲಿ ಬರೆಯಲಿ ಎಂದು ಅವನು ಕಾದಿದ್ದ. ಹೊಸದರಲ್ಲಿ ಬರೆಯಿರಿ ಎಂದು ಹೇಳಿರಲಿಲ್ಲ. ಆಮೇಲೆ ಆ ಯಂತ್ರದಲ್ಲಿ ಕೊರೆದ ಲೋಹದ ಉಂಗುರವೊಂದು ಕೆಟ್ಟಿತು, ವಿಚಾರಣೆಗೆ ಕಮಿಟಿ ಕೂತಿತು. ಅದರ ಒಳಸುತ್ತಿನಲ್ಲಿ ಮೆಟ್ಟಿಲು. "ಸರ್, ಸ್ಕ್ರೂ ಪ್ಲೇ, ಸರ್," ಎಂದು ವಿನ್ಸೆಂಟ್ ಬಾಗಿಲ ಬಳಿಯಿಂದ ಎರಡು ಸಲ ಹೇಳಿದರು. ಯಾವ ಸ್ಕ್ರೂ ಎಂದು ಯಾರೂ ಕೇಳಲಿಲ್ಲ. ವರದಿಯ ಕರಡು ಬರೆದವನು ವಿಶ್ವೇಶ್ವರ. ಕಾರಣ: ಆಪರೇಟರ್‌ನ ಅಜಾಗರೂಕತೆ. ವರದಿ ಚುಟುಕಾಗಿದೆ ಎಂದು ಅಧ್ಯಕ್ಷರು ಮೆಚ್ಚಿದರು. ವಿನ್ಸೆಂಟರ ಬಡ್ತಿ ನಿಂತಿತು, ಒಂದು ಮೆಟ್ಟಿಲು ಕೆಳಗೇ ನಿವೃತ್ತರಾದರು. ಬೀಳ್ಕೊಡುಗೆಗೆ ವಿಶ್ವೇಶ್ವರ ಹೋಗಿದ್ದ. ಹಲ್ವಾ ತಿಂದಿದ್ದ.

ಸಾಫ್ಟ್‌ವೇರಿನಲ್ಲಿ ಪ್ಲೇ ಎಷ್ಟು ಎಂದು ತುಂಬುವ ಒಂದು ಚೌಕವಿದೆ. ಅದನ್ನು ಸರಿಯಾಗಿ ತುಂಬಿದರೆ ಯಂತ್ರ ತಕ್ಕಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ. ಅವನು ಅದರಲ್ಲಿ 0.12 ಎಂದು ತುಂಬಿದ್ದ. ಆ ಸಂಖ್ಯೆ ಯಾವುದೋ ದೇಶದ ಯಾರೋ ಗಡ್ಡದವನ ವಿಡಿಯೋದಲ್ಲಿ ಕಂಡದ್ದು, ಅವನ ಯಂತ್ರದ್ದು. ಅಳೆಯುವ ಡಯಲ್ ತನ್ನ ಬಳಿಯೂ ಇತ್ತು, ಪೆಟ್ಟಿಗೆಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಹಾಗೇ ಇತ್ತು. ಮೋಟಾರುಗಳನ್ನು ಕೊಂಡ ಕೊಚ್ಚಿಯ ಅಂಗಡಿಗೆ ಫೋನು ಮಾಡಿದ. ಅಂಗಡಿಯ ಇರ್ಫಾನ್ ಮಲಯಾಳದಲ್ಲಿ ಹೇಳಿದ: ಸಾರ್, ಆ ಯಂತ್ರದ ನಟ್ ಹುಟ್ಟಿನಿಂದಲೇ ಸಡಿಲ, ಬೇರೆ ಮಾಡಿಸಿ ಹಾಕಬೇಕು. ಅಳತೆಗೆ ಮಾಡಿಕೊಡುವವರು ಒಬ್ಬರೇ, ಪಾಲಾರಿವಟ್ಟಂನಲ್ಲಿ, ವಿನ್ಸೆಂಟ್ ಚೇಟ್ಟನ್, ವಿನ್ಸೆಂಟಣ್ಣ. ನಿಮ್ಮ ಸಂಸ್ಥೆಯಲ್ಲೇ ಇದ್ದವರು, ನಿಮಗೆ ಗೊತ್ತಿರಬೇಕು.

"ಗೊತ್ತು," ಎಂದ ವಿಶ್ವೇಶ್ವರ. "ನನ್ನ ಕಂಡ್ರೆ ಅವರಿಗೆ ತುಂಬ ಗೌರವ."

ಸ್ಕ್ರೂವನ್ನೂ ಅದರ ಹಿತ್ತಾಳೆ ನಟ್ಟನ್ನೂ ಬಿಚ್ಚಿ, ಮಹತಿಯ ಯೋಗದ ಚಾಪೆಯ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದಾಗ ಹನ್ನೊಂದು. ಕೊಲ್ಲಂ ದಾಟುವವರೆಗೂ ತಾನು ಒಂದು ನಟ್ಟಿಗಾಗಿ ಹೋಗುತ್ತಿದ್ದೇನೆ ಎಂದು ಅವನು ನಂಬಿದ್ದ. ಪಳಂಪೊರಿ ಮಾರುವವನಿಂದ ಎರಡು ಕೊಂಡು ತಿಂದ. ಕೈಯ ಗ್ರೀಸ್ ಬಾಳೆಹಣ್ಣಿನ ಸಿಹಿಯ ಜೊತೆ ನಾಲಿಗೆಗೆ ಹತ್ತಿತು. ಎದುರಿಗೆ ಕೂತ ಹೆಂಗಸು ಅವನ ಕಪ್ಪಾದ ಉಗುರುಗಳನ್ನೂ ಉದ್ದನೆಯ ಚೀಲವನ್ನೂ ನೋಡಿ, "ಎ.ಸಿ. ಮೆಕ್ಯಾನಿಕ್ ಆಣೋ?" ಎಂದಳು. ಹೌದು ಎಂದ. ಏಕೆ ಅಂದನೋ, ಹೇಳಿದ ಮೇಲೆ ಹಿತವಾಯಿತು. ಕಾಯಂಕುಳಂವರೆಗೂ ಅವಳ ಮನೆಯ ಎ.ಸಿ.ಯ ಬಗ್ಗೆ ಸಲಹೆ ಕೊಟ್ಟ. ಅವಳು ಇಳಿದು ಹೋದ ಮೇಲೆ, ಅವಳ ಎ.ಸಿ. ಕೆಟ್ಟರೆ ಅದಕ್ಕೂ ತಾನು ಸಹಿ ಹಾಕಿದಂತಾಯಿತಲ್ಲ ಅನ್ನಿಸಿತು. ಕರಡು ಬರೆದವನು ತಾನೆಂದು ವಿನ್ಸೆಂಟರಿಗೆ ಗೊತ್ತಿದೆಯೇ? ವರದಿಯಲ್ಲಿ ಐವರ ಸಹಿ ಇತ್ತು. ಐವರಲ್ಲಿ ಒಬ್ಬನೆಂದರೆ ಯಾರೂ ಅಲ್ಲದ ಹಾಗೆ. ಕಮಿಟಿಗಳನ್ನು ಕಂಡುಹಿಡಿದವನಿಗೆ ಅವನು ಮನಸ್ಸಿನಲ್ಲೇ ಕೃತಜ್ಞನಾಗಿದ್ದ. ಎರ್ನಾಕುಲಂನಲ್ಲಿ ಇಳಿದು ಮೆಟ್ರೋ ಹಿಡಿದ. ಮೆಟ್ರೋದ ತಪಾಸಣೆಯವನು ಸ್ಕ್ರೂವನ್ನು ಹೊರತೆಗೆಸಿ, ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿ, ಇದರಿಂದ ಯಾರಿಗೂ ಅಪಾಯವಿಲ್ಲ ಎಂದು ತೀರ್ಮಾನಿಸಿ ಬಿಟ್ಟ.

ಪಾಲಾರಿವಟ್ಟಂ ಜಂಕ್ಷನ್ನಿನ ಹಿಂದಿನ ಓಣಿಯಲ್ಲಿ, ಮದುವೆಯ ಕೋಟು ಹೊಲಿಯುವ ಅಂಗಡಿಗೂ ಡ್ರೈವಿಂಗ್ ಸ್ಕೂಲಿಗೂ ನಡುವೆ, ಒಂದು ಲೇತು, ಒಂದು ಮಿಲ್ಲಿಂಗ್ ಯಂತ್ರ, ಒಂದು ಮೇಜು. ಮೇಜಿನ ಹಿಂದೆ ಕೂತ ಹುಡುಗಿ, ಗ್ರೇಸಿ, ವಿನ್ಸೆಂಟರ ಮಗಳೆಂದು ಮೂಗು ನೋಡಿದರೇ ತಿಳಿಯುತ್ತಿತ್ತು. ವಿನ್ಸೆಂಟ್ ಲೇತಿನ ಮುಂದೆ ಬಗ್ಗಿದ್ದರು. ತಲೆ ಎತ್ತಿ, ಕನ್ನಡಕವನ್ನು ಹಣೆಗೇರಿಸಿ ನೋಡಿದರು. ಹುಡುಗನಾಗಿದ್ದಾಗ ಆರು ವರ್ಷ ಬೆಂಗಳೂರಿನ ಪೀಣ್ಯದಲ್ಲಿ ಇದ್ದವರು. ಅವರಿಗೆ ಕನ್ನಡ ಬರುತ್ತದೆಂಬುದು ವಿಶ್ವೇಶ್ವರನಿಗೆ ಮರೆತೇಹೋಗಿತ್ತು. ಸಂಸ್ಥೆಯಲ್ಲಿ ಇಂಗ್ಲಿಷಿನಲ್ಲಲ್ಲದೆ ಅವರೊಡನೆ ಮಾತಾಡಿದ್ದೇ ಇಲ್ಲ.

"ವಿಶ್ವೇಶ್ವರ ಸಾರಲ್ವಾ," ಎಂದರು. "ಏನ್ ಸಾರೇ, ಕೈಯೆಲ್ಲಾ ಕಪ್ಪು. ಯಾರು ಮಾಡಿದ್ರು ಈ ಅನ್ಯಾಯ?"

"ಚೆನ್ನಾಗಿದ್ದೀರಾ ವಿನ್ಸೆಂಟ್?" ನೀನು ಎನ್ನುವುದೋ ನೀವು ಎನ್ನುವುದೋ ಎಂಬ ಪ್ರಶ್ನೆ ಇಂಗ್ಲಿಷಿನಲ್ಲಿ ಹುಟ್ಟಿಯೇ ಇರಲಿಲ್ಲ. ಈಗ ಬಹುವಚನ ತಾನಾಗಿ ಬಂದದ್ದಕ್ಕೆ ಅವನಿಗೆ ತನ್ನ ಬಗ್ಗೆ ಸ್ವಲ್ಪ ಒಳ್ಳೆಯ ಭಾವನೆ ಬಂತು.

ವಿನ್ಸೆಂಟ್ ಅಲ್ಯೂಮಿನಿಯಂ ತುಂಡನ್ನು ಇಸಿದುಕೊಂಡರು. ನೋಡಲಿಲ್ಲ. ಉಗುರು ಆಡಿಸಿದರು. ನಾಲ್ಕು ಕಡೆ ನಿಲ್ಲಿಸಿದರು. ಆಮೇಲೆ ಸ್ಕ್ರೂವಿನ ಮೇಲೆ ನಟ್ಟನ್ನು ಹಿಡಿದು ಕಿವಿಯ ಬಳಿ ಅಲ್ಲಾಡಿಸಿದರು. ಟಿಕ್, ಟಿಕ್. ಮಗಳ ಕಡೆ ನೋಡಿ ಇನ್ನೊಮ್ಮೆ ಅಲ್ಲಾಡಿಸಿದರು. ಅವಳು ನಕ್ಕಳು.

"ಯಾರು ಓಡಿಸ್ತಿದ್ರು ಸಾರ್?"

"ಯಾರೂ ಇಲ್ಲ. ಕಂಪ್ಯೂಟರ್ ಹಾಕಿದೀನಿ. ಅದೇ ಓಡಿಸುತ್ತೆ."

"ಅಂದ್ರೆ ಆಪರೇಟರ್ ಇಲ್ಲ."

"ಇಲ್ಲ."

"ಅಯ್ಯೋ," ಎಂದರು ವಿನ್ಸೆಂಟ್, ನಿಜವಾಗಿ ಮರುಗಿದವರಂತೆ. "ಹಾಗಾದ್ರೆ ರಿಪೋರ್ಟಲ್ಲಿ ಯಾರ ಹೆಸರು ಬರೀತೀರಿ?"

ವಿಶ್ವೇಶ್ವರ ನಕ್ಕ. ಮೇಲಧಿಕಾರಿಗಳ ಜೋಕಿಗೆಂದು ಇಟ್ಟುಕೊಂಡಿದ್ದ ನಗೆ. ಅದನ್ನು ವಿನ್ಸೆಂಟರ ಮುಂದೆ ಬಳಸಬೇಕಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದೆ, ಇವರಿಗೆ ಎಲ್ಲಾ ಗೊತ್ತಿದೆ ಎಂದುಕೊಂಡ. ಅಥವಾ ಬರೀ ತಮಾಷೆ. ಗ್ರೇಸಿ ಅವನ ಮುಂದೆ ಒಂದು ದಪ್ಪ ಹಳದಿ ಕಾರ್ಡು ಇಟ್ಟಳು. "ಕಾರ್ಡ್ ಎಳುದಣಂ ಸಾರ್." ಬರೆಯಬೇಕಂತೆ.

"ಅದಿಲ್ದೆ ಅವಳು ಕೆಲಸ ಮುಟ್ಟೋಕೆ ಬಿಡಲ್ಲ," ಎಂದರು ವಿನ್ಸೆಂಟ್. "ಏನು ಕೆಟ್ಟಿದೆ, ಓಡಿಸ್ತಿದ್ದವರು ಯಾರು, ಯಾಕೆ ಕೆಡ್ತು. ಗಿರಾಕಿನೇ ಕೈಯಾರೆ ಬರೆದು ಸಹಿ ಹಾಕ್ಬೇಕು. ಬಾಯಿಮಾತು ಇಲ್ಲಿ ನಡೆಯಲ್ಲ."

"ಒಳ್ಳೆ ಪದ್ಧತಿ."

"ನಿಮ್ಮ ಹತ್ರನೇ ಕಲಿತಿದ್ದು ಸಾರ್."

ಕಾರಣ ಎಂಬಲ್ಲಿ ಅವನು ಸಲೀಸಾಗಿ ಇಂಗ್ಲಿಷಿನಲ್ಲಿ ಬರೆದ: ಜೋಡಣೆಯಲ್ಲಿ ಸಡಿಲತೆ ಗಮನಿಸಲಾಗಿದೆ. ವಿನ್ಸೆಂಟ್ ಓದಿದರು. "ಇದ್ರಲ್ಲಿ ಮನುಷ್ಯರೇ ಇಲ್ವಲ್ಲ ಸಾರ್." ಅವನು ಅದನ್ನು ಹೊಡೆದುಹಾಕಿ ನಟ್ ಸವೆದಿದೆ ಎಂದು ಬರೆದ. "ಎಷ್ಟು ದಿನದ ಮೆಷಿನ್ನು?" ಮೂರು ತಿಂಗಳು. "ಮೂರು ತಿಂಗಳಲ್ಲಿ ನಟ್ ಸವೆಯಲ್ಲ ಸಾರ್. ಬೆಣ್ಣೆಯದಾದ್ರೂ ಸವೆಯಲ್ಲ. ಪ್ಲೇ ಎಷ್ಟಿದೆ ಅಂತ ಅಳೆದಿರಾ?" ಇಲ್ಲ. "ಡಯಲ್ ಇತ್ತಾ ಮನೇಲಿ?" ಇತ್ತು. "ಎರಡು ನಿಮಿಷದ ಕೆಲಸ," ಎಂದರು ವಿನ್ಸೆಂಟ್, ಬಯ್ಯುವ ದನಿಯಲ್ಲಲ್ಲ, ಗೊತ್ತಿಲ್ಲದವನಿಗೆ ತಿಳಿಸುವ ದನಿಯಲ್ಲಿ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ವಿಶ್ವೇಶ್ವರ ಪೆನ್ನನ್ನು ಬಿಗಿಯಾಗಿ ಹಿಡಿದ. ಅದನ್ನೂ ಹೊಡೆದುಹಾಕಿ, ಆಪರೇಟರ್ ಎಂಬಲ್ಲಿ ತನ್ನ ಹೆಸರು ಬರೆದ. ಕಾರಣ: ಆಪರೇಟರ್‌ನ ಅಜಾಗರೂಕತೆ. ಅದೇ ಮಾತು, ಇಂಗ್ಲಿಷಿನಲ್ಲಿ ಅದೇ ಪದಗಳು, ಅದೇ ಕ್ರಮ. ಸಹಿ ಹಾಕಿದ. ಏನೋ ದೊಡ್ಡದನ್ನು ಮಾಡಿಬಿಟ್ಟೆ ಎಂದು ಅವನಿಗೆ ಅನ್ನಿಸಿತು; ಈಗ ವಿನ್ಸೆಂಟ್ ಓದುತ್ತಾರೆ, ಅವರ ಕಣ್ಣು ಒದ್ದೆಯಾಗುತ್ತದೆ, ಹೋಗಲಿ ಬಿಡಿ ಸಾರ್ ಎನ್ನುತ್ತಾರೆ, ಚಹಾ ತರಿಸುತ್ತಾರೆ, ಇದನ್ನು ತಾನು ಯಾವತ್ತಾದರೂ ಪ್ರೇಮಳಿಗೆ ಹೇಳಬಹುದು, ಕೃಷ್ಣಾನಂದನಿಗೂ, ಊಟದ ನಂತರ, ಹೆಸರು ಬಿಟ್ಟು.

ವಿನ್ಸೆಂಟ್ ತುಟಿ ಆಡಿಸುತ್ತ ಓದಿದರು. ಗ್ರೇಸಿಗೆ ಕೊಟ್ಟರು. ಅವಳು ದಿನಾಂಕದ ಮೊಹರು ಒತ್ತಿದಳು.

"ಶರಿ. ಇದು ಈ ನಟ್ಟಿನ ಕಾರ್ಡು," ಎಂದರು ವಿನ್ಸೆಂಟ್. ಮೇಜಿನ ಖಾನೆ ಎಳೆದು ಇನ್ನೊಂದು ಖಾಲಿ ಕಾರ್ಡು ತೆಗೆದು ಅವನ ಮುಂದಿಟ್ಟರು. "ಆ ಉಂಗುರದ್ದು ಬೇರೆ ಕಾರ್ಡು."

ಲೇತು ತಿರುಗುತ್ತಲೇ ಇತ್ತು. ಪಕ್ಕದ ಅಂಗಡಿಯಲ್ಲಿ ಯಾರೋ ಕೋಟಿನ ತೋಳು ಬಿಗಿಯಾಯಿತೆಂದು ಜಗಳವಾಡುತ್ತಿದ್ದರು.

"ಅದು ಕಮಿಟಿ ತೀರ್ಮಾನ ವಿನ್ಸೆಂಟ್. ಐದು ಜನ ಇದ್ವಿ."

"ಪೆನ್ನು ಒಂದೇ ಇತ್ತಲ್ಲ ಸಾರ್." ವಿನ್ಸೆಂಟ್ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದರು. "ನನಗೇನೂ ಆಗ್ಬೇಕಾಗಿಲ್ಲ. ಪೆನ್ಷನ್ ಬರ್ತದೆ, ಕೆಲಸ ಇದೆ. ಇವಳು ಆಗ ಎಂಟನೇ ಕ್ಲಾಸು. ನನ್ನ ಬ್ಯಾಗಲ್ಲಿದ್ದ ರಿಪೋರ್ಟ್ ತೆಗೆದು ಓದಿದ್ಳು, ಡಿಕ್ಷನರಿ ಇಟ್ಕೊಂಡು. ಅದನ್ನ ಓದಿದ್ಳಲ್ಲ, ಇದನ್ನೂ ಓದ್ಲಿ."

ಗ್ರೇಸಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವಳು ಕಾರ್ಡನ್ನೇ ನೋಡುತ್ತಿದ್ದಳು. ವಿಶ್ವೇಶ್ವರ ಬರೆಯತೊಡಗಿದ. ವಸ್ತು ಎಂಬಲ್ಲಿ ಆ ಉಂಗುರದ ಸಂಖ್ಯೆ, ಒಂಬತ್ತು ಅಂಕೆ, ಎರಡು ಅಕ್ಷರ, ತಡವರಿಸದೆ ಬಂತು. ತನ್ನ ಬ್ಯಾಂಕ್ ಖಾತೆಯ ಸಂಖ್ಯೆ ಅವನಿಗೆ ಬಾಯಿಗೆ ಬರುವುದಿಲ್ಲ. ಇದನ್ನು ಯಾವಾಗ ಉರು ಹೊಡೆದೆ? ದೋಷ: ಒಳಸುತ್ತಿನಲ್ಲಿ ಮೆಟ್ಟಿಲು. ಆಪರೇಟರ್: ವಿನ್ಸೆಂಟ್. ಕಾರಣ. ಪೆನ್ನಿನ ತುದಿ ಕಾರ್ಡಿನ ಮೇಲೆ ನಿಂತು ಒಂದು ನೀಲಿ ಚುಕ್ಕೆ ಮಾಡಿತು. ಕಾರ್ಡು ಯಾರ ಕೈಗಾದರೂ ಸಿಕ್ಕರೆ? ನಿವೃತ್ತಿಗೆ ನಾಲ್ಕು ವರ್ಷ. ಚುಕ್ಕೆ ದೊಡ್ಡದಾಯಿತು. ಅಷ್ಟರಲ್ಲಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನಿಂದ ಒಬ್ಬ, ಪಂಪಿನ ಒಡೆದ ಫ್ಯಾನು ಹೊತ್ತು ತಂದು ಧಡ್ಡನೆ ಮೇಜಿನ ಮೇಲಿಟ್ಟ. ಅವನ ಬಗ್ಗೆ ವಿಶ್ವೇಶ್ವರನಿಗೆ ಪ್ರೀತಿ ಉಕ್ಕಿತು. ಕಾರ್ಡು ಎತ್ತಿಕೊಂಡು ಎದ್ದುನಿಂತ.

"ಇಂಥದ್ದನ್ನ ಅವಸರದಲ್ಲಿ ಬರೀಬಾರ್ದು ವಿನ್ಸೆಂಟ್. ಊರಿಗೆ ಹೋಗಿ, ಕೂತು, ಸರಿಯಾಗಿ ಬರೆದು ಕಳಿಸ್ತೀನಿ."

"ಆಯ್ತು ಸಾರ್," ಎಂದರು ವಿನ್ಸೆಂಟ್. "ನಟ್ ಗುರುವಾರ ಕೊರಿಯರ್ ಮಾಡ್ತೀನಿ."

ಕಾರ್ಡು ಬಂದ ಮೇಲೆ ನಟ್ ಎನ್ನಲಿಲ್ಲ. ಹಾಗೆ ಅಂದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ವಾಪಸಿನ ರೈಲಿನಲ್ಲಿ ಅವನು ಅಂದುಕೊಂಡ. ಬೆದರಿಕೆಯೆಂದು ಕರೆಯಬಹುದಿತ್ತು. ಬೆದರಿಕೆಗೆ ಮಣಿಯಬಾರದು.

ನಟ್ ಶುಕ್ರವಾರ ಸ್ಕ್ರೂವಿನ ಜೊತೆ ಬಂತು, ಮಲಯಾಳಂ ಪತ್ರಿಕೆಯ ಕ್ರೀಡಾಪುಟದಲ್ಲಿ ಸುತ್ತಿಕೊಂಡು. ಗನ್‌ಮೆಟಲ್ಲಿನದು, ಎರಡು ಹೋಳು, ನಡುವೆ ಬಿಗಿ ಮಾಡುವ ಸ್ಕ್ರೂ. ಸ್ಕ್ರೂವಿನ ಮೇಲೆ ಹಾಕಿ ಕಿವಿಯ ಬಳಿ ಅಲ್ಲಾಡಿಸಿದ. ಸದ್ದೇ ಇಲ್ಲ. ಇಂಥ ನಟ್ ಮಾಡಿದವರನ್ನು ಅಜಾಗರೂಕ ಎಂದವನಿಗೆ ಬುದ್ಧಿ ನೆಟ್ಟಗಿರಲಿಲ್ಲ ಎಂದು ಯಾರೋ ಮೂರನೆಯವರ ಬಗ್ಗೆ ಯೋಚಿಸುವಂತೆ ಯೋಚಿಸಿದ. ಈ ಸಲ ಡಯಲಿನ ಪ್ಲಾಸ್ಟಿಕ್ ಹರಿದು ಅಳೆದ. ವೃತ್ತ ವೃತ್ತವಾಗಿಯೇ ಬಂತು. ಕಾರ್ಡು ಅಂಗಿಯ ಜೇಬಿನಿಂದ ಲ್ಯಾಪ್‌ಟಾಪಿನ ಚೀಲಕ್ಕೆ, ಚೀಲದಿಂದ ಡಯಲಿನ ಪೆಟ್ಟಿಗೆಗೆ ಬಂದಿತ್ತು. ಭಾನುವಾರ ರಾತ್ರಿ ಬರೆಯುವುದೆಂದು ತೀರ್ಮಾನಿಸಿದ. ಅತಿಥಿಗಳು ಹೋದ ಮೇಲೆ, ಶಾಂತವಾಗಿ.

ಭಾನುವಾರ ಕೃಷ್ಣಾನಂದನೂ ಅವನ ಹೆಂಡತಿ ಸುಮಿತ್ರಳೂ ವರ್ಕ್ ಏರಿಯಾದ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹಿತ್ತಾಳೆ ಬಿಗಿದು ಯಂತ್ರ ಶುರು ಮಾಡಿದರೆ ಎಲ್ಲವೂ ಸಣ್ಣಗೆ ನಡುಗುತ್ತಿತ್ತು. ಕಟರ್ ಹಿತ್ತಾಳೆಗೆ ತಾಗುವ ಮೊದಲೇ ಅವನು ನಿಲ್ಲಿಸಿದ. ಬಗ್ಗಿ ನೋಡಿದರೆ ಯಂತ್ರದ ಒಂದು ಕಾಲು ಗ್ರಾನೈಟ್ ಕಟ್ಟೆಯಿಂದ ಕೂದಲೆಳೆಯಷ್ಟು ಮೇಲಿತ್ತು. ಏನಾದರೂ ತೆಳ್ಳಗಿನದು, ಗಟ್ಟಿಯಾದದ್ದು ಬೇಕಿತ್ತು. "ಒಂದ್ ರಟ್ಟಿನ ತುಂಡ್ ಇಡ್ರೀ ಸರ್ರ," ಎಂದ ಕೃಷ್ಣಾನಂದ. ಪ್ರೇಮ ಸಾರು ಕಾಯಿಸುತ್ತಿದ್ದಳು, ಅತಿಥಿಗಳು ಕಾಯುತ್ತಿದ್ದರು, ಡಯಲಿನ ಪೆಟ್ಟಿಗೆ ಕೈಗೆ ಎಟುಕುವಲ್ಲಿ ತೆರೆದೇ ಇತ್ತು. ಸದ್ಯಕ್ಕೆ, ಎಂದುಕೊಂಡ. ಹಳದಿ ಕಾರ್ಡನ್ನು ತೆಗೆದು, ಬರೆದ ಬದಿ ಒಳಗೆ ಬರುವಂತೆ ಮಡಿಸಿ ಕಾಲಿನಡಿ ತೂರಿಸಿದ. ಒಳ್ಳೆಯ ಕಾರ್ಡು, ಗ್ರೇಸಿಯ ಆಯ್ಕೆ. ಹೇಳಿ ಮಾಡಿಸಿದಂತೆ ಕೂತಿತು. ನಡುಕ ನಿಂತಿತು.

ಹೆಸರು ಇಪ್ಪತ್ತೆರಡು ನಿಮಿಷದಲ್ಲಿ ಬಂತು. ಹಿತ್ತಾಳೆಯ ಪುಡಿ ಊದಿ ಎತ್ತಿ ತೋರಿಸಿದ. ಮಹತಿ ಅಕ್ಷರ ಅಕ್ಷರ ಕೂಡಿಸಿ ಓದಿದಳು, "ವಿ. ಶ್ವೇ. ಶ್ವ. ರ." ಹದಿನಾರು ವರ್ಷದಲ್ಲಿ ಅವಳು ತಂದೆಯ ಹೆಸರನ್ನು ಕನ್ನಡದಲ್ಲಿ ಓದಿದ್ದು ಅದೇ ಮೊದಲು.

"ಎಲ್ಲಾ ನೀವ ಮಾಡೀರೇನು ಸರ್ರ?" ಎಂದ ಕೃಷ್ಣಾನಂದ. "ನಟ್ಟು ಬೋಲ್ಟು ಎಲ್ಲಾ?"

"ಎಲ್ಲಾ ನಾನೇ," ಎಂದ ವಿಶ್ವೇಶ್ವರ.

ಬುಧವಾರ ಬೆಳಿಗ್ಗೆ ಆಫೀಸಿಗೆ ಹೊರಟು ಬಾಗಿಲೆಳೆದುಕೊಳ್ಳುವಾಗ ಫೋನಿಗೆ ಗ್ರೇಸಿಯ ಸಂದೇಶ ಬಂತು. ಸಾರ್, ಆ ಕಾರ್ಡು ಇನ್ನೂ ಬಂದಿಲ್ಲ. ಅಷ್ಟೆ. ಕಾರ್ಡು ತೆಗೆಯಬೇಕಾದರೆ ಯಂತ್ರ ಎತ್ತಬೇಕು. ಎತ್ತಿದರೆ ಹೊಂದಿಸಿದ್ದೆಲ್ಲ ಕೆಡುತ್ತದೆ. ಇದು ತಾಂತ್ರಿಕ ಕಾರಣ, ಯಾರಿಗೆ ಬೇಕಾದರೂ ವಿವರಿಸಬಹುದು. ಲಿಫ್ಟ್ ಬರುವವರೆಗೆ ಯೋಚಿಸಿ, ಪರಿಶೀಲನೆಯಲ್ಲಿದೆ ಎಂದು ಇಂಗ್ಲಿಷಿನಲ್ಲಿ ಉತ್ತರ ಬರೆದು ಕಳಿಸಿದ. ಆಮೇಲೆ ಬಾಗಿಲ ಕಡೆ ತಿರುಗಿ, ಹಿತ್ತಾಳೆಯ ಹೆಸರಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದ, ಮೊದಲ ಅಕ್ಷರದಿಂದ ಕೊನೆಯದರವರೆಗೆ, ಎಲ್ಲ ಸುತ್ತುಗಳ ಮೇಲೂ. ಎಲ್ಲಿಯೂ ತಡೆಯಲಿಲ್ಲ.